ಶಾಲೆಯ ಸಿಬ್ಬಂದಿಗೆ ರೆಸ್ಟೋರೇಟಿವ್ ತರಬೇತಿ ಕೊಡಿಸಬೇಕು, ಎಲ್ಲಿಂದ ಶುರು ಮಾಡಲಿ?

ಕಲ್ಪತರು_ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ತುಮಕೂರು ಜಿಲ್ಲೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಮುಖ್ಯ ಶಿಕ್ಷಕಿ. 310 ಮಕ್ಕಳು, 11 ಜನ ಶಿಕ್ಷಕರು, ಒಬ್ಬರು ಕ್ಲರ್ಕು, ಒಬ್ಬರು ಜವಾನರು, ಬಿಸಿಯೂಟದ ಅಡುಗೆಗೆ ಮೂವರು.

ಕಳೆದ ತಿಂಗಳು ಊಟದ ಹೊತ್ತಿನಲ್ಲಿ, ತಟ್ಟೆ ತೊಳೆಯುವ ನಲ್ಲಿಯ ಹತ್ತಿರ 9ನೇ ತರಗತಿಯ ಇಬ್ಬರು ಹುಡುಗರು ಹೊಡೆದಾಡಿದರು. ಒಬ್ಬ ಸ್ಟೀಲ್ ತಟ್ಟೆಯಲ್ಲೇ ಬೀಸಿದ. ಇನ್ನೊಬ್ಬನ ಹುಬ್ಬಿನ ಮೇಲೆ ಎರಡು ಹೊಲಿಗೆ ಬಿತ್ತು. ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಅಪ್ಪಂದಿರನ್ನ ಕರೆಸಿದೆವು, ಇಬ್ಬರಿಂದಲೂ ಮುಚ್ಚಳಿಕೆ ಬರೆಸಿಕೊಂಡೆವು, ಮೂರು ದಿನ ಶಾಲೆಗೆ ಬರಬೇಡಿ ಎಂದೆವು. ನಾಲ್ಕನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಮತ್ತೆ ಹೊಡೆದಾಡಿದರು.

ಅವತ್ತು ಸಂಜೆ ಬೀರು ತೆಗೆದು ಮುಚ್ಚಳಿಕೆಗಳ ಫೈಲ್ ನೋಡಿದೆ. ಕಳೆದ ವರ್ಷದಿಂದ ಈಚೆಗೆ 17 ಇದ್ದವು. ಅದರಲ್ಲಿ ನಾಲ್ಕು ಆ ತಟ್ಟೆ ಬೀಸಿದ ಹುಡುಗನವೇ. ನಾಲ್ಕರಲ್ಲೂ ಒಂದೇ ವಾಕ್ಯ: "ಇನ್ನು ಮುಂದೆ ಇಂತಹ ತಪ್ಪು ಮಾಡುವುದಿಲ್ಲ, ಮಾಡಿದಲ್ಲಿ ಶಾಲೆಯವರು ಕೈಗೊಳ್ಳುವ ಯಾವುದೇ ಕ್ರಮಕ್ಕೆ ಬದ್ಧನಾಗಿರುತ್ತೇನೆ." ನಮ್ಮ ಕ್ಲರ್ಕ್ ಹೇಳಿ ಬರೆಸುವುದರಿಂದ ಎಲ್ಲರದೂ ಹಾಗೇ ಇರುತ್ತದೆ. 17 ಹಾಳೆ ಓದಿದರೂ ಯಾವ ಜಗಳ ಯಾಕೆ ಆಯಿತು ಅಂತ ಒಂದರಿಂದಲೂ ಗೊತ್ತಾಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಹೊಡೆಯುವ ಹಾಗಿಲ್ಲ, ಹೊಡೆಯಲೂ ಬಾರದು, ಅದು ನನಗೆ ಒಪ್ಪಿಗೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನ ನಿಷೇಧಿಸಿದೆ, 8ನೇ ತರಗತಿ ಮುಗಿಯುವವರೆಗೆ ಮಗುವನ್ನ ಶಾಲೆಯಿಂದ ತೆಗೆದುಹಾಕುವಂತೆಯೂ ಇಲ್ಲ. ಆದರೆ ಅದರ ಬದಲು ಏನು ಮಾಡಬೇಕು ಅಂತ ನಮ್ಮ ಶಿಕ್ಷಕರಿಗೆ ಯಾರೂ ಕೈಹಿಡಿದು ಕಲಿಸಿಲ್ಲ. ಬೆಂಗಳೂರಿನ ಒಂದು ಕಾರ್ಯಾಗಾರದಲ್ಲಿ ರೆಸ್ಟೋರೇಟಿವ್ ಪ್ರಾಕ್ಟೀಸ್ ಬಗ್ಗೆ ಕೇಳಿದೆ. ತಪ್ಪಿಗೆ ಎಷ್ಟು ಶಿಕ್ಷೆ ಅನ್ನುವ ಬದಲು ಯಾರಿಗೆ ನೋವಾಯಿತು, ಅದನ್ನ ಸರಿಮಾಡೋದು ಹೇಗೆ ಅಂತ ನೊಂದವರನ್ನೂ ನೋಯಿಸಿದವರನ್ನೂ ಕೂರಿಸಿಕೊಂಡು ಮಾತಾಡುವುದು. ಆಡಳಿತ ಮಂಡಳಿಯವರು ದಸರಾ ರಜೆ ಮುಗಿಯುವ ಹಿಂದಿನ ಒಂದು ದಿನ ತರಬೇತಿಗೆ ಕೊಡುತ್ತೇವೆ ಎಂದಿದ್ದಾರೆ. ಒಂದು ದಿನ ಸಾಕಾ? ಯಾರನ್ನೆಲ್ಲ ಕೂರಿಸಬೇಕು? ಸ್ಟಾಫ್‌ರೂಮಿನಲ್ಲಿ ವಿಷಯ ಎತ್ತಿದ ಕೂಡಲೇ ಒಬ್ಬರು "ಹಾಗಾದ್ರೆ ಮಕ್ಕಳ ಮುಂದೆ ನಾವು ಕೈಕಟ್ಟಿ ಕೂರಬೇಕಾ ಮೇಡಂ?" ಎಂದರು. ಅವರಿಗೆ ಏನು ಹೇಳಲಿ? ಮಾಡಿ ನೋಡಿದವರು ದಯವಿಟ್ಟು ಬರೆಯಿರಿ.

ಮಲೆನಾಡ_ಮೇಷ್ಟ್ರು:

ಮೇಡಂ, ಶಿವಮೊಗ್ಗ ಕಡೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯವನು ನಾನು. ಮೂರು ವರ್ಷದಿಂದ ಮಾಡುತ್ತಿದ್ದೇವೆ. ಒಂದು ದಿನದಲ್ಲಿ ಪರಿಚಯ ಆಗುತ್ತೆ, ಅಭ್ಯಾಸ ಆಗಲ್ಲ. ನಮ್ಮ ಮೊದಲ ವರ್ಷ ಹಾಳಾಗಿದ್ದೇ ಅದರಿಂದ.

ಅವತ್ತು ತರಬೇತಿ ಕೊಟ್ಟವರು ಐದು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಏನಾಯ್ತು? ಆಗ ನಿನ್ನ ಮನಸ್ಸಲ್ಲಿ ಏನಿತ್ತು? ಆಮೇಲೆ ಏನನ್ನಿಸಿತು? ಇದರಿಂದ ಯಾರಿಗೆಲ್ಲ ತೊಂದರೆ ಆಯ್ತು, ಹೇಗೆ? ಈಗ ಸರಿಮಾಡಲು ನೀನು ಏನು ಮಾಡಬಹುದು? ನಾವು ಅದನ್ನ ಗೋಡೆಗೆ ಅಂಟಿಸಿಕೊಂಡು ಪೊಲೀಸ್ ದನಿಯಲ್ಲಿ ಕೇಳತೊಡಗಿದೆವು! "ಏನಾಯ್ತು" ಎನ್ನುವುದನ್ನ ಎರಡು ಥರ ಕೇಳಬಹುದು ಅಲ್ವಾ? ಕುರ್ಚಿಯಲ್ಲಿ ಕೂತು, ನಿಂತ ಹುಡುಗನನ್ನ ಕೇಳಿದರೆ ಅದು ವಿಚಾರಣೆ. ಪಕ್ಕದಲ್ಲಿ ಕಟ್ಟೆಯ ಮೇಲೆ ಕೂತು ಕೇಳಿದರೆ ಬೇರೆ. ಆ ಐದರಲ್ಲಿ "ಯಾಕೆ ಮಾಡಿದೆ" ಅನ್ನೋದು ಇಲ್ಲ ನೋಡಿ. ಅದನ್ನ ಕೇಳಿದರೆ ಮಗು ನೆಲ ನೋಡುತ್ತೆ, ಇಲ್ಲ ಸುಳ್ಳು ಹೇಳುತ್ತೆ. ನಮ್ಮ ಬಾಯಲ್ಲಿ ಅದು ಪ್ರಶ್ನೆ ಅಲ್ಲ, ಬೈಗುಳ.

ಎರಡನೇ ವರ್ಷ ನಾವು ದಾರಿ ಬದಲಿಸಿದೆವು. ಒಂದೇ ಸಲ ಇಡೀ ದಿನ ಬೇಡ ಎಂದುಕೊಂಡು, ಕ್ಲಸ್ಟರಿನ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿನ, ಸಮಾಲೋಚನಾ ಸಭೆ ಇರುವ ದಿನ ಮಧ್ಯಾಹ್ನ ಮಾತ್ರ, ಅರ್ಧರ್ಧ ದಿನದ ಆರು ಸಲ. ಮೊದಲ ಎರಡು ಸಲ ಮಕ್ಕಳ ಸುದ್ದಿಯೇ ಎತ್ತಲಿಲ್ಲ. ನಮ್ಮನ್ನೇ ರೌಂಡಾಗಿ ಕೂರಿಸಿದರು. ನಮ್ಮ ಶಾಲೆಯಲ್ಲಿ ಪ್ರಭಾರ ಯಾರಿಗೆ ಅನ್ನೋ ವಿಷಯಕ್ಕೆ ಇಬ್ಬರು ಶಿಕ್ಷಕರು ಎರಡು ವರ್ಷದಿಂದ ಮಾತು ಬಿಟ್ಟಿದ್ದರು. ಹಾಜರಾತಿ ಪುಸ್ತಕ ಕೂಡ ಮಕ್ಕಳ ಕೈಲಿ ಕಳಿಸುತ್ತಿದ್ದರು. ಮಕ್ಕಳಿಗೆ ಇದು ಗೊತ್ತಿರಲಿಲ್ವಾ? ಎಲ್ಲ ಗೊತ್ತಿತ್ತು. ನಾವು ಜಗಳ ಬಗೆಹರಿಸಿಕೊಳ್ಳದೆ ಅವರಿಗೆ ಏನು ಕಲಿಸೋದು?

ಮೊದಲ ಸುತ್ತಿನ ಪ್ರಶ್ನೆ ಸುಲಭದ್ದು: ನೀವು ಓದುವಾಗ ಶಾಲೆಯಲ್ಲಿ ನಿಮಗೆ ಅನ್ಯಾಯ ಆಗಿದ್ದು ನೆನಪಿದೆಯಾ? ಮುಂದಿನ ವರ್ಷ ನಿವೃತ್ತಿ ಆಗಲಿದ್ದ ಒಬ್ಬರು ಮೇಷ್ಟ್ರು, ಯಾವತ್ತೂ ಜಾಸ್ತಿ ಮಾತಾಡದವರು, 5ನೇ ತರಗತಿಯಲ್ಲಿ ತಾನು ಮಾಡದ ತಪ್ಪಿಗೆ ಬೆಂಚಿನ ಮೇಲೆ ನಿಲ್ಲಿಸಿದ್ದನ್ನ ಹೇಳಿದರು. ಅವತ್ತು ಹಾಕಿದ್ದ ಚಡ್ಡಿಯ ಬಣ್ಣ, ಹಿಂದೆ ಎಲ್ಲಿ ತೇಪೆ ಹಾಕಿತ್ತು, ಎಲ್ಲ ಹೇಳಿದರು. ಸುಮಾರು 50 ವರ್ಷದ ಹಿಂದಿನ ಮಾತು. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಿಮ್ಮಲ್ಲಿ "ಕೈಕಟ್ಟಿ ಕೂರಬೇಕಾ" ಎಂದವರಿಗೆ ವಾದ ಹೇಳಬೇಡಿ, ಒಂದು ಸುತ್ತು ಕೂರಿಸಿ ನೋಡಿ.

ಇನ್ನೊಂದು. ಅಡುಗೆಯವರನ್ನ ಬಿಡಬೇಡಿ ಮೇಡಂ. ಸಾಲಿನಲ್ಲಿ ಯಾರು ಯಾರನ್ನ ತಳ್ಳುತ್ತಾರೆ, ಯಾರು ಯಾರ ಪಕ್ಕ ಊಟಕ್ಕೆ ಕೂರಲ್ಲ, ಯಾವ ಮಗು ಎರಡು ದಿನದಿಂದ ಅನ್ನ ಮುಟ್ಟಿಲ್ಲ, ಇದೆಲ್ಲ ಅವರಿಗೆ ನಮಗಿಂತ ಮೊದಲೇ ಗೊತ್ತಿರುತ್ತೆ. ನಿಮ್ಮ ಜಗಳ ಆಗಿದ್ದೂ ನಲ್ಲಿ ಹತ್ತಿರ, ತರಗತಿಯಲ್ಲಿ ಅಲ್ಲ.

ಪಿಟಿ_ಮೇಷ್ಟ್ರು_ಹಾವೇರಿ:

ಎಲ್ಲರೂ ಒಳ್ಳೇದನ್ನೇ ಬರೆಯುತ್ತಿದ್ದೀರಿ, ನಾನು ಕಷ್ಟ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಯಾವ ಶಾಲೆಯಾದರೂ ಜಗಳ ಬಿಡಿಸೋದು ಕೊನೆಗೆ ದೈಹಿಕ ಶಿಕ್ಷಕನ ತಲೆಗೇ ಬರುತ್ತೆ. ನನ್ನ ಒಂದು ತರಗತಿಯಲ್ಲಿ 62 ಮಕ್ಕಳು. ಪೀರಿಯಡ್ 40 ನಿಮಿಷ. ಒಬ್ಬೊಬ್ಬರೂ ಒಂದು ನಿಮಿಷ ಮಾತಾಡಿದರೂ ಮುಗಿಯಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಕಡಿಮೆ ಬಂದರೆ ನೋಟಿಸ್ ಬರುತ್ತೆ, ಸಂಬಂಧ ಸರಿ ಇಲ್ಲ ಅಂತ ಯಾರಿಗೂ ನೋಟಿಸ್ ಬಂದಿದ್ದು ನಾನು ಕಂಡಿಲ್ಲ.

ಇನ್ನೊಂದು ವಿಷಯ. ಅಮೆರಿಕದ ಪಿಟ್ಸ್‌ಬರ್ಗ್ ಊರಿನ 44 ಶಾಲೆಗಳಲ್ಲಿ 2015ರಿಂದ 2017ರವರೆಗೆ ಇದನ್ನ ಸರಿಯಾಗಿ ಪರೀಕ್ಷೆ ಮಾಡಿದರು. ಅರ್ಧ ಶಾಲೆಗಳ ಸಿಬ್ಬಂದಿಗೆ ತರಬೇತಿ, ಉಳಿದರ್ಧಕ್ಕೆ ಇಲ್ಲ. ರ್‍ಯಾಂಡ್ ಎಂಬ ಸಂಶೋಧನಾ ಸಂಸ್ಥೆಯವರು 2018ರಲ್ಲಿ ವರದಿ ಕೊಟ್ಟರು. ಮಕ್ಕಳನ್ನ ಸಸ್ಪೆಂಡ್ ಮಾಡೋದು ಕಡಿಮೆ ಆಯ್ತು, ಶಾಲೆಯ ವಾತಾವರಣ ಸುಧಾರಿಸಿದೆ ಅಂತ ಶಿಕ್ಷಕರು ಹೇಳಿದರು. ಸರಿ. ಆದರೆ 6ರಿಂದ 8ನೇ ತರಗತಿಯ ಮಕ್ಕಳ ಅಂಕ ಕುಸಿಯಿತು. ನಮ್ಮ ಮಕ್ಕಳಿಗೂ ಹಾಗಾದರೆ? ಬಡವರ ಮಕ್ಕಳಿಗೆ ಅಂಕ ಬಿಟ್ಟರೆ ಬೇರೆ ಏಣಿ ಇಲ್ಲ. ನಾನು ಕೆಟ್ಟ ಮನಸ್ಸಿಂದ ಕೇಳುತ್ತಿಲ್ಲ, ಆ ಹೊತ್ತು ಎಲ್ಲಿಂದ ತರೋದು ಅಂತ ಯಾರಾದರೂ ಹೇಳಿ.

ಆಪ್ತಸಲಹೆ_ಬೆಂಗಳೂರು:

ಪಿಟಿ ಸರ್, ನೀವು ಹೇಳಿದ ವರದಿ ನಿಜ, ಅದನ್ನ ಮುಚ್ಚಿಟ್ಟು ತರಬೇತಿ ಕೊಡಬಾರದು. ನಾನು ಶಾಲೆಗಳಿಗೆ ಹೋಗಿ ತರಬೇತಿ ಕೊಡುವವಳು, ಮೊದಲ ದಿನವೇ ಇದನ್ನ ಹೇಳುತ್ತೇನೆ. ಜೊತೆಗೆ ಇನ್ನೊಂದನ್ನೂ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 40 ಪ್ರೌಢಶಾಲೆಗಳಲ್ಲಿ ಇಂಥದೇ ಪರೀಕ್ಷೆ ಮಾಡಿ ಮೂರು ವರ್ಷದ ಕೊನೆಗೆ ಅಳೆದರು. 2018ರಲ್ಲೇ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಮಕ್ಕಳು ಒಬ್ಬರನ್ನೊಬ್ಬರು ಪೀಡಿಸುವುದು ಕಡಿಮೆ ಆಗಿತ್ತು. ತುಂಬಾ ಅಲ್ಲ, ಸ್ವಲ್ಪ. ಹೊಡೆದಾಟದಂಥ ಜೋರು ನಡವಳಿಕೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಬರೀ ತರಬೇತಿ ಕೊಟ್ಟು ಬಿಡಲಿಲ್ಲ. ಪ್ರತಿ ಶಾಲೆಯಲ್ಲೂ ಶಿಕ್ಷಕರು, ಮಕ್ಕಳು ಇಬ್ಬರೂ ಇದ್ದ ಒಂದು ಗುಂಪು ಮಾಡಿ, ಆಗಾಗ ಕೂತು ಶಾಲೆಯ ನಿಯಮಗಳನ್ನೇ ಮತ್ತೆ ನೋಡಿದರು. ಅಂದರೆ ಇದು ಮಂತ್ರ ಅಲ್ಲ, ನಿಧಾನದ ಕೆಲಸ.

ಹೊತ್ತಿನ ಮಾತಿಗೆ ಬರುತ್ತೇನೆ. 62 ಮಕ್ಕಳನ್ನ ಒಂದೇ ರೌಂಡಿನಲ್ಲಿ ಕೂರಿಸಲೇಬೇಡಿ ಸರ್. ಒಳಗೆ 12 ಜನ, ಸುತ್ತ ಉಳಿದವರು, ಒಳಗಿನವರು ಮಾತಾಡುತ್ತಾರೆ, ಹೊರಗಿನವರು ಕೇಳುತ್ತಾರೆ, ಮುಂದಿನ ವಾರ ಅದಲು ಬದಲು. ಕೈಯಲ್ಲಿ ವಸ್ತು ಇದ್ದವರು ಮಾತ್ರ ಮಾತಾಡಬೇಕು ಅನ್ನೋ ನಿಯಮ ಇರುತ್ತಲ್ಲ, ಅದಕ್ಕೆ ನಿಮ್ಮ ಲಗೋರಿ ಚೆಂಡು ಸಾಕು. ವಾರಕ್ಕೆ ಹತ್ತು ನಿಮಿಷ. ಜಗಳ ಇಲ್ಲದ ದಿನವೂ ಕೂರಬೇಕು, ಅದೇ ಮುಖ್ಯ. ಜಗಳ ಆದಾಗ ಮಾತ್ರ ಕೂರಿಸಿದರೆ ಮಕ್ಕಳಿಗೆ ಆ ರೌಂಡೇ ಶಿಕ್ಷೆ ಅನ್ನಿಸುತ್ತೆ.

"ಕೈಕಟ್ಟಿ ಕೂರೋದು" ಅನ್ನೋ ಭಯಕ್ಕೆ ನಾನು ಬೋರ್ಡಿನ ಮೇಲೆ ನಾಲ್ಕು ಮನೆ ಬರೆಯುತ್ತೇನೆ. ಈ ಪದ್ಧತಿಯನ್ನ ಕಲಿಸುತ್ತಾ ಬಂದ ಅಮೆರಿಕದ ಟೆಡ್ ವಾಕ್ಟೆಲ್ ಅವರ ಹೆಸರಿನ ಜೊತೆ ಬರುವ ಚಿತ್ರ ಅದು. ದೊಡ್ಡವರು ಮಗುವಿನ ಮೇಲೆ ಹೇರಬಹುದು. ಮಗುವಿನ ಪರವಾಗಿ ತಾವೇ ಎಲ್ಲ ಮಾಡಿ ಮುಗಿಸಬಹುದು. ನೋಡಿಯೂ ನೋಡದ ಹಾಗೆ ಇರಬಹುದು. ಇಲ್ಲ, ಮಗುವಿನ ಜೊತೆ ಮಾಡಬಹುದು. ನಮ್ಮ ಶಿಕ್ಷಕರಿಗೆ ಭಯ ಏನೆಂದರೆ ಹೇರೋದು ಬಿಟ್ಟರೆ ಉಳಿಯೋದು ಸುಮ್ನೆ ಇರೋದು ಮಾತ್ರ ಅಂತ. ಜೊತೆ ಮಾಡೋದರಲ್ಲಿ ಬಿಗಿ ಕಡಿಮೆ ಆಗಲ್ಲ. ತಾನು ಏಟು ಹಾಕಿದವನ ಎದುರು ಕೂತು ಅವನ ಮಾತು ಕೇಳಿಸಿಕೊಳ್ಳೋದು ಮೂರು ದಿನ ಮನೆಯಲ್ಲಿ ಟಿವಿ ನೋಡೋದಕ್ಕಿಂತ ಎಷ್ಟೋ ಕಷ್ಟ.

ಮೇಡಂ, ಒಂದು ಗೆರೆಯನ್ನ ತರಬೇತಿಯ ಮೊದಲ ಗಂಟೆಯಲ್ಲೇ ಎಳೆದುಬಿಡಿ. ಲೈಂಗಿಕ ಕಿರುಕುಳದ ವಿಷಯ ಯಾವತ್ತೂ ರೌಂಡಿಗೆ ಬರಬಾರದು. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದ ಕೂಡಲೇ ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅದೇ ಅಪರಾಧ. "ಶಾಲೆ ಮರ್ಯಾದೆ, ಒಳಗೇ ಮುಗಿಸೋಣ" ಎನ್ನುವುದಕ್ಕೆ ಈ ಪದ್ಧತಿಯನ್ನ ಮುಸುಕು ಮಾಡಿಕೊಳ್ಳುವವರು ಇದ್ದಾರೆ. ಜಾತಿ ಹಿಡಿದು ಅವಮಾನ ಮಾಡಿದ್ದನ್ನೂ "ಇಬ್ಬರ ಜಗಳ" ಅಂತ ಸಣ್ಣದು ಮಾಡಬೇಡಿ. ಮಕ್ಕಳ ಸಹಾಯವಾಣಿ 1098 ಸಿಬ್ಬಂದಿಗೆಲ್ಲ ಬಾಯಿಪಾಠ ಇರಲಿ.

ಮಂಡ್ಯದ_ಅಮ್ಮ:

ನಾನು ಟೀಚರ್ ಅಲ್ಲ. ಆದರೂ ಬರೆಯಲೇಬೇಕು ಅನ್ನಿಸಿತು.

ನನ್ನ ಮಗಳು 7ನೇ ತರಗತಿಯಲ್ಲಿದ್ದಾಗ ಅವಳ ತರಗತಿಯ ಮೂವರು ಹುಡುಗಿಯರು ಐದು ತಿಂಗಳು ಅವಳ ಬಣ್ಣ, ಅವಳ ಡಬ್ಬಿ, ಅವಳ ಇಂಗ್ಲಿಷು ಎಲ್ಲ ಹಿಡಿದು ಆಡಿಕೊಂಡರು. ನಾನು ಹೋಗಿ ಹೇಳಿದೆ. ಕ್ಲಾಸ್ ಟೀಚರ್ ಆಗಷ್ಟೇ ಎರಡು ದಿನದ ಇದೇ ತರಬೇತಿ ಮುಗಿಸಿ ಬಂದಿದ್ದರಂತೆ. ಮಾರನೇ ದಿನ, ನಮಗೂ ಹೇಳದೆ, ಅವಳಿಗೂ ಮೊದಲೇ ಹೇಳದೆ, ಪಿರಿಯಡ್ ಮಧ್ಯದಲ್ಲಿ ಕರೆದು ಐದು ಕುರ್ಚಿ ಹಾಕಿ ಆ ಮೂವರ ಎದುರು ಕೂರಿಸಿದರು. "ನಿನಗೆ ಏನನ್ನಿಸಿತು ಹೇಳು" ಎಂದರು. ಆ ಮೂವರೂ ನೋಡುತ್ತಿರುವಾಗ ಅವಳು ಏನು ಹೇಳಿಯಾಳು? "ಏನಿಲ್ಲ ಮಿಸ್" ಎಂದಳು. ಅವರು ಸಾರಿ ಎಂದರು. "ಈಗ ನೀನು ಪರವಾಗಿಲ್ಲ ಅನ್ನು, ಕೈ ಕುಲುಕಿ" ಎಂದರು. ಕೈ ಕುಲುಕಿಸಿದರು. ಅದಾದ ಮೇಲೆ ಎರಡು ವಾರ ದಿನಾ ಬೆಳಿಗ್ಗೆ ಶೂ ಹಾಕಿಕೊಳ್ಳುವ ಹೊತ್ತಿಗೆ ವಾಂತಿ ಮಾಡಿಕೊಳ್ಳುತ್ತಿದ್ದಳು.

ನಮ್ಮೂರಲ್ಲಿ ರಾಜಿ ಪಂಚಾಯ್ತಿ ಅಂತ ಮಾಡುತ್ತಾರೆ. ಜಗಲಿ ಮೇಲೆ ಕೂತವರು ಯಾರ ಕಡೆಯವರು ಅಂತ ಎಲ್ಲರಿಗೂ ಗೊತ್ತು. ಕೊನೆಗೆ ಏಟು ತಿಂದವನೇ ಕೈಮುಗಿದು "ಆಯ್ತು ಬಿಡಿ ಸ್ವಾಮಿ" ಎನ್ನಬೇಕು. ನನ್ನ ಮಗಳಿಗೆ ಆಗಿದ್ದೂ ಅದೇ, ಹೆಸರು ಮಾತ್ರ ಹೊಸದು. ನಿಮ್ಮ ಶಿಕ್ಷಕರಿಗೆ ಏನು ಕಲಿಸಿದರೂ ಇದನ್ನೊಂದು ಕಲಿಸಿ ಮೇಡಂ, ನೊಂದ ಮಗು "ನಾನು ಕೂರಲ್ಲ" ಎಂದರೆ ಅದನ್ನ ಒಪ್ಪಿಕೊಳ್ಳೋದು.

ಆಪ್ತಸಲಹೆ_ಬೆಂಗಳೂರು:

ಅಕ್ಕ, ಓದಿ ತುಂಬಾ ಸಂಕಟ ಆಯ್ತು. ಅಲ್ಲಿ ನಡೆದದ್ದು ರೆಸ್ಟೋರೇಟಿವ್ ಅಲ್ಲವೇ ಅಲ್ಲ. ಕೂರಿಸುವ ಮೊದಲು ಇಬ್ಬರ ಹತ್ತಿರವೂ ಬೇರೆ ಬೇರೆಯಾಗಿ ಮಾತಾಡಬೇಕು, ಒಂದಲ್ಲ ಎರಡು ಸಲ. ನೋಯಿಸಿದವರು "ಹೌದು ನಾನು ಮಾಡಿದೆ" ಅನ್ನೋವರೆಗೆ ಎದುರು ಕೂರಿಸೋ ಹಾಗಿಲ್ಲ. ನೊಂದವರು ಬೇಡ ಎಂದರೆ ಬೇಡ. ಜೊತೆಗೆ ತನಗೆ ಬೇಕಾದವರನ್ನ, ಗೆಳತಿಯನ್ನೋ ಅಮ್ಮನನ್ನೋ, ಕರೆದುಕೊಂಡು ಬರಬಹುದು. ಕ್ಷಮೆಯನ್ನ ಯಾರ ಬಾಯಿಂದಲೂ ಹೇಳಿಸಬಾರದು. ಕೂರುವ ಆ ಅರ್ಧ ಗಂಟೆ ಸಣ್ಣ ಭಾಗ, ಅದಕ್ಕೆ ಮೊದಲಿನ ತಯಾರಿಯೇ ದೊಡ್ಡದು. ಎರಡು ದಿನದ ತರಬೇತಿಗಳಲ್ಲಿ ಜಾರಿಹೋಗೋದೂ ಅದೇ. ನಿಮ್ಮ ಮಾತನ್ನ, ಯಾರ ಗುರುತೂ ಸಿಗದ ಹಾಗೆ, ನನ್ನ ಮುಂದಿನ ತರಬೇತಿಯಲ್ಲಿ ಹೇಳಬಹುದಾ?

ಮಂಡ್ಯದ_ಅಮ್ಮ:

ಹೇಳಿ. ಖಂಡಿತ ಹೇಳಿ. ಮಗಳು ಈಗ ಬೇರೆ ಶಾಲೆಯಲ್ಲಿ 9ನೇ ತರಗತಿ, ಚೆನ್ನಾಗಿದ್ದಾಳೆ.

ಆಕ್ಲೆಂಡ್_ಕನ್ನಡತಿ:

ನಾನು ಧಾರವಾಡದವಳು, ಒಂಬತ್ತು ವರ್ಷದಿಂದ ನ್ಯೂಜಿಲೆಂಡಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಇಲ್ಲಿ 1989ರ ಕಾನೂನಿನಿಂದಲೇ ತಪ್ಪು ಮಾಡಿದ ಹುಡುಗರ ವಿಷಯದಲ್ಲಿ ಇಡೀ ಮನೆಯವರನ್ನ ಕೂರಿಸಿ ಮಾತಾಡುವ ಪದ್ಧತಿ ಬಂತು. ಅದರ ಹಿಂದೆ ಇಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನರ ಒತ್ತಾಯವೂ ಇತ್ತು, ಅವರ ನಡಾವಳಿಯೂ ಇತ್ತು. ಅವರಲ್ಲಿ ಕೂಡಿ ಕೂರುವುದಕ್ಕೆ ಹುಯಿ ಅನ್ನುತ್ತಾರೆ. ಶಾಲೆಗಳಿಗೆ ಬಂದದ್ದು ಆಮೇಲೆ. ಮಲೆನಾಡ ಮೇಷ್ಟ್ರು ಪೊಲೀಸ್ ದನಿ ಅಂತ ಬರೆದರಲ್ಲ, ಆ ಥರದ ಪ್ರಶ್ನೆಗಳನ್ನ ಬರೆದು ಬಳಕೆಗೆ ತಂದದ್ದು ನಿಜವಾಗಿಯೂ ಒಬ್ಬ ಪೊಲೀಸರೇ. ಆಸ್ಟ್ರೇಲಿಯಾದ ವಾಗಾ ವಾಗಾ ಊರಿನ ಟೆರ್ರಿ ಒಕಾನೆಲ್, 1990ರ ದಶಕದ ಆರಂಭದಲ್ಲಿ. 1994ರಲ್ಲಿ ಅದೇ ದೇಶದ ಕ್ವೀನ್ಸ್‌ಲ್ಯಾಂಡಿನ ಶಾಲಾ ಆಪ್ತಸಲಹೆಗಾರ್ತಿ ಮಾರ್ಗರೆಟ್ ಥಾರ್ಸ್‌ಬೋರ್ನ್ ಅದನ್ನ ಶಾಲೆಯ ಒಂದು ಜಗಳಕ್ಕೆ ತಂದರು.

ತರಬೇತಿ ಅಂದರೆ ನಮ್ಮಲ್ಲಿ ಒಂದು ದಿನದ ಕಾರ್ಯಕ್ರಮ ಅಲ್ಲ. ನಾನು ಸೇರಿದ ವರ್ಷ ಒಬ್ಬ ಹಿರಿಯ ಶಿಕ್ಷಕಿ ನಾನು ಮಕ್ಕಳ ಹತ್ತಿರ ಮಾತಾಡುವಾಗ ಸುಮ್ನೆ ಪಕ್ಕದಲ್ಲಿ ಕೂತಿರುತ್ತಿದ್ದರು. ಮುಗಿದ ಮೇಲೆ ಒಂದೇ ಮಾತು ಹೇಳುತ್ತಿದ್ದರು. ಒಂದು ಸಲ ಹೇಳಿದ್ದು, ನೀನು ಪ್ರಶ್ನೆ ಕೇಳಿ ಮೂರು ಸೆಕೆಂಡ್ ಕೂಡ ಕಾಯಲಿಲ್ಲ ಅಂತ. ಅದೊಂದನ್ನ ತಿದ್ದಿಕೊಳ್ಳಲು ನನಗೆ ಒಂದು ವರ್ಷ ಬೇಕಾಯಿತು. ದೊಡ್ಡ ಸಭೆ ವರ್ಷಕ್ಕೆ ಕೆಲವು ಮಾತ್ರ. ಉಳಿದದ್ದೆಲ್ಲ ವರಾಂಡದಲ್ಲಿ ನಿಂತು ಎರಡು ನಿಮಿಷ. ಹಾಗಾಗಿ ಪಿಟಿ ಸರ್ ಹೇಳುವಷ್ಟು ಹೊತ್ತು ಹಿಡಿಯಲ್ಲ. ಆದರೆ ಶುರುವಿನ ವರ್ಷ ಹಿಡಿಯುತ್ತೆ, ಅದನ್ನ ಒಪ್ಪಲೇಬೇಕು.

ಮಲೆನಾಡ_ಮೇಷ್ಟ್ರು:

ಮುಚ್ಚಳಿಕೆ ಬಗ್ಗೆ ಬರೆಯೋದು ಮರೆತಿದ್ದೆ. ನಾವು ಅದನ್ನ ಬಿಟ್ಟಿಲ್ಲ, ಬದಲಿಸಿದ್ದೇವೆ. ಈಗ ಮಗು ತನ್ನ ಮಾತಲ್ಲೇ ಬರೆಯುತ್ತೆ, ಏನಾಯ್ತು, ಏನು ಮಾಡ್ತೀನಿ, ಯಾವತ್ತಿನೊಳಗೆ. ಕೆಳಗೆ ಇಬ್ಬರ ಸಹಿ, ಮತ್ತೆ ಯಾವತ್ತು ಕೂತು ನೋಡಬೇಕು ಅಂತ ತಾರೀಕು. ಆ ತಾರೀಕು ತಪ್ಪಬಾರದು.

ಒಬ್ಬ ಹುಡುಗ ಇನ್ನೊಬ್ಬನ ವಿಜ್ಞಾನದ ನೋಟ್ಸ್ ಹರಿದು ಬಾವಿಗೆ ಹಾಕಿದ್ದ. ಮೊದಲಾಗಿದ್ದರೆ ದುಡ್ಡು ಕಟ್ಟಿಸಿ ಮುಗಿಸುತ್ತಿದ್ದೆವು. ಈ ಸಲ ಕೂತಾಗ, ಪೂರ್ತಿ ನಾನೇ ಬರೆದುಕೊಡ್ತೀನಿ ಎಂದ. ಕಳೆದುಕೊಂಡವನು ಸ್ವಲ್ಪ ಯೋಚಿಸಿ, "ಅಕ್ಷರ ನೀನು ಬರಿ, ಚಿತ್ರ ನಾನೇ ಬಿಡಿಸ್ತೀನಿ, ನಿನಗೆ ಹೃದಯ ಬಿಡಿಸೋಕೆ ಬರಲ್ಲ" ಎಂದ. ನಾಲ್ಕು ಸಂಜೆ ವರಾಂಡದಲ್ಲಿ ಒಟ್ಟಿಗೆ ಕೂತು ಮುಗಿಸಿದರು. ಪಿಟಿ ಸರ್, ಆ ಹುಡುಗ ರಕ್ತ ಪರಿಚಲನೆ ಪಾಠವನ್ನ ಅಷ್ಟು ಗಮನ ಇಟ್ಟು ಬರೆದದ್ದು ಅದೇ ಮೊದಲು.

ಪಿಟಿ_ಮೇಷ್ಟ್ರು_ಹಾವೇರಿ:

ಸರ್, ಇದು ನನಗೆ ಹಿಡಿಸಿತು. ಆಪ್ತಸಲಹೆ ಮೇಡಂ ಹೇಳಿದ ಹಾಗೆ ಒಳಗೆ 12, ಹೊರಗೆ 50, ಲಗೋರಿ ಚೆಂಡು. ಶನಿವಾರ 8ನೇ ತರಗತಿಯಲ್ಲಿ ಹತ್ತು ನಿಮಿಷ ಮಾಡಿ ನೋಡುತ್ತೇನೆ. ಅಂಕದ ಪ್ರಶ್ನೆಯನ್ನ ಮಾತ್ರ ಬಿಟ್ಟುಕೊಡಲ್ಲ, ಡಿಸೆಂಬರಿಗೆ ಅರ್ಧ ವಾರ್ಷಿಕದ ಅಂಕ ಪಕ್ಕಪಕ್ಕ ಇಟ್ಟು ಇಲ್ಲೇ ಬರೆಯುತ್ತೇನೆ.

ಕಲ್ಪತರು_ಟೀಚರ್:

ಎಲ್ಲರಿಗೂ ಹೃದಯದಿಂದ ಧನ್ಯವಾದ. ಮಂಡ್ಯದ ಅಕ್ಕ ಬರೆದದ್ದನ್ನ ಓದಿ ಸ್ವಲ್ಪ ಹೊತ್ತು ಫೋನ್ ಪಕ್ಕಕ್ಕಿಟ್ಟು ಕೂತುಬಿಟ್ಟೆ. ನಾನೂ ಆ ಇಬ್ಬರು ಹುಡುಗರನ್ನ ತರಬೇತಿ ಆದ ಮಾರನೇ ದಿನವೇ ಎದುರುಬದುರು ಕೂರಿಸಬೇಕು ಅಂತ ಮನಸ್ಸಲ್ಲಿ ಅಂದುಕೊಂಡಿದ್ದೆ. ಈಗ ಅದು ಬೇಡ.

ಆಡಳಿತ ಮಂಡಳಿಯ ಹತ್ತಿರ ಮಾತಾಡಿದೆ. ಒಂದು ದಿನವನ್ನ ಎರಡು ಅರ್ಧ ದಿನ ಮಾಡಿಕೊಳ್ಳಲು ಒಪ್ಪಿದ್ದಾರೆ, ಒಂದು ದಸರಾ ಆದಮೇಲೆ, ಇನ್ನೊಂದು ಎರಡು ತಿಂಗಳ ನಂತರ. ನಡುವೆ ಪ್ರತಿ ಶನಿವಾರ ಮಕ್ಕಳು ಹೋದಮೇಲೆ ಸಿಬ್ಬಂದಿಯೆಲ್ಲ ಅರ್ಧ ಗಂಟೆ. ಅಡುಗೆಯವರಿಗೆ ಬೆಳಿಗ್ಗೆ ಬರಲು ಆಗಲ್ಲ, ಅದಕ್ಕೇ ಮೊದಲ ಅರ್ಧ ದಿನವನ್ನ ಮಧ್ಯಾಹ್ನಕ್ಕೆ ಇಟ್ಟಿದ್ದೇನೆ. ಹೇಳಲು ಹೋದಾಗ ಅವರಲ್ಲಿ ಹಿರಿಯರು "ನಾವೂ ಕುರ್ಚಿ ಮೇಲೆ ಕೂರಬೇಕಾ ಮೇಡಂ?" ಎಂದು ಕೇಳಿದರು. ಹನ್ನೆರಡು ವರ್ಷದಿಂದ ನಮ್ಮ ಶಾಲೆಯಲ್ಲಿದ್ದಾರೆ.

ಇವತ್ತು ಆ ಹುಡುಗರಲ್ಲಿ ತಟ್ಟೆ ಬೀಸಿದವನ ಹತ್ತಿರ ಒಬ್ಬಳೇ ಮಾತಾಡಿದೆ. ಆಫೀಸಿನಲ್ಲಿ ಅಲ್ಲ, ನಲ್ಲಿಯ ಹತ್ತಿರದ ಕಟ್ಟೆಯ ಮೇಲೆ. "ಏನಾಯ್ತು" ಎಂದು ಕೇಳಿ ಸುಮ್ಮನಿದ್ದೆ. ತುಂಬಾ ಹೊತ್ತಾದ ಮೇಲೆ ಹೇಳಿದ: "ಮಿಸ್, ನಾನು ತಟ್ಟೆ ತೊಳೆಯೋ ನಲ್ಲಿ ಕೆಳಗೆ ಅವನು ದಿನಾ ಚಪ್ಪಲಿ ಕಾಲು ಇಡ್ತಾನೆ. ಜೂನಿಂದ." ನಾಲ್ಕು ಮುಚ್ಚಳಿಕೆಯಲ್ಲಿ ಎಲ್ಲೂ ಇದು ಇರಲಿಲ್ಲ. ಇದರ ಹಿಂದೆ ಬೇರೆ ಏನಾದರೂ ಇದೆಯಾ, ಆಪ್ತಸಲಹೆ ಮೇಡಂ ಹೇಳಿದ ಆ ಗೆರೆಯ ಆಚೆಯದ್ದಾ ಅಂತ ಮೊದಲು ತಿಳಿದುಕೊಳ್ಳಬೇಕು. ಇನ್ನೊಬ್ಬನನ್ನೂ ಕರೆದಿದ್ದೆ, ಬಂದು ಕೂತ, ಏನೂ ಹೇಳಲಿಲ್ಲ. ಹುಬ್ಬಿನ ಮೇಲಿನ ಗಾಯ ಮುಟ್ಟಿಕೊಳ್ಳುತ್ತಾ ಕೂತಿದ್ದ. ಬಲವಂತ ಮಾಡಲಿಲ್ಲ. ಸೋಮವಾರ ಮತ್ತೆ ಕೇಳುತ್ತೇನೆ.